ಪೊನ್ಜು ಬೆರೆಸಿದ ಸಾರು

ನಮ್ಮಮ್ಮ ಅಡುಗೆ ಮಾಡುವಾಗ ಯಾವತ್ತೂ ರುಚಿ ನೋಡುತ್ತಿರಲಿಲ್ಲ. ದೇವರಿಗೆ ನೈವೇದ್ಯವಾಗುವ ಮೊದಲು ಸೌಟು ನಾಲಿಗೆಗೆ ತಾಗಿದರೆ ಪಾತ್ರೆಯಲ್ಲಿರುವುದೆಲ್ಲ ಎಂಜಲು ಎಂದು ಅವಳ ತವರಿನಲ್ಲಿ ಕಲಿಸಿದ್ದರು. ಮೈಸೂರಿನಿಂದ ನ್ಯೂಜೆರ್ಸಿಯ ಪ್ಲೇನ್ಸ್‌ಬರೋಗೆ ಬಂದ ಮೇಲೆ ಅವಳು ಎಷ್ಟೋ ಬಿಟ್ಟಿದ್ದಳು. ಈರುಳ್ಳಿ ತಿನ್ನುವುದನ್ನು ಕಲಿತಳು, ಫ್ರೀಜರಿನಲ್ಲಿ ಕಲ್ಲಾದ ತೆಂಗಿನ ತುರಿಗೆ ಒಗ್ಗಿಕೊಂಡಳು, ಜೀನ್ಸ್ ತೊಟ್ಟು ಕಾರು ಓಡಿಸಿದಳು. ಇದೊಂದನ್ನು ಮಾತ್ರ ಬಿಡಲಿಲ್ಲ. ಉಪ್ಪನ್ನು ಅಂಗೈಯಲ್ಲಿ ಹಾಕಿಕೊಂಡು ಕಣ್ಣಳತೆಯಲ್ಲೇ ಅಳೆಯುತ್ತಿದ್ದಳು. ಹುಳಿಯನ್ನು ಮೂಗಿನಿಂದ ಅಳೆಯುತ್ತಿದ್ದಳು. ಕುದಿಯುವ ಸಾರಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಇನ್ನು ಸ್ವಲ್ಪ ಹುಣಿಸೆ ಬೇಕು ಎಂದರೆ ಬೇಕೇ ಇರುತ್ತಿತ್ತು. ಮನೆಗೆ ಊಟಕ್ಕೆ ಬಂದ ಆಂಟಿಯರೆಲ್ಲ ಅವಳ ಕೈಯಳತೆಯನ್ನು ಹೊಗಳಿ ಹೋಗುತ್ತಿದ್ದರು, ನಾನೂ ಅದನ್ನು ದೊಡ್ಡ ವಿದ್ಯೆಯೆಂದೇ ತಿಳಿದಿದ್ದೆ. ನನಗೆ ಹತ್ತೋ ಹನ್ನೊಂದೋ ಆಗಿದ್ದ ಆ ಚಳಿಗಾಲದಲ್ಲಿ ಆ ವಿದ್ಯೆಯೇ ಅಪ್ಪನ ಜೀವಕ್ಕೆ ಮುಳುವಾಗುತ್ತಿತ್ತು.

ನಮ್ಮದು ಎರಡನೇ ಅಂತಸ್ತಿನ ಅಪಾರ್ಟ್‌ಮೆಂಟು. ಹೊರಗಿನಿಂದ ಮರದ ಮೆಟ್ಟಿಲು, ಒಳಗೆ ಬಂದ ಕೂಡಲೇ ಬಲಕ್ಕೆ ಒಂದು ಕ್ಲಾಸೆಟ್. ಬೇರೆ ಮನೆಗಳಲ್ಲಿ ಅದರೊಳಗೆ ವ್ಯಾಕ್ಯೂಮ್ ಕ್ಲೀನರ್ ಇರುತ್ತಿತ್ತು, ನಮ್ಮಲ್ಲಿ ದೇವರಿದ್ದರು. ಬೆಂಕಿಯ ಭಯಕ್ಕೆ ಅಮ್ಮ ಬ್ಯಾಟರಿಯ ದೀಪ ಇಟ್ಟಿದ್ದಳು, ಆದರೂ ಒಗ್ಗರಣೆ ಹಾಕಿದ ಕೂಡಲೇ ಹಾಲಿನ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತಿತ್ತು. ಅದರ ಕೆಳಗೆ ನಿಂತು ಟವೆಲ್ ಬೀಸುವುದು ನನ್ನ ಕೆಲಸ. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿರಲಿಲ್ಲ, ಒಂದು ಕಟ್ಟೆ ಇತ್ತು ಅಷ್ಟೆ. ಅಪ್ಪ ಆಫೀಸಿನಿಂದ ಬಂದು ಒರಗು ಕುರ್ಚಿಯಲ್ಲಿ ಕೂತರೆ ಅವರಿಗೆ ಅಮ್ಮನ ಬೆನ್ನು ಕಾಣುತ್ತಿತ್ತು. ನ್ಯೂಯಾರ್ಕಿಗೆ ದಿನಾ ರೈಲಿನಲ್ಲಿ ಕಮ್ಯೂಟ್ ಮಾಡುತ್ತಿದ್ದ ಅಪ್ಪ ಮನೆಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಆ ಬೆನ್ನನ್ನು ನೋಡುತ್ತಾ, ಅದರ ಜೊತೆಗೇ ನಾಲ್ಕು ಮಾತಾಡಿ ಮುಗಿಸುತ್ತಿದ್ದರು. ಆ ವರ್ಷ ಎಲೆ ಉದುರುವ ಹೊತ್ತಿಗೆ ರೈಲು ನಿಲ್ದಾಣದ ಪಾರ್ಕಿಂಗ್ ಲಾಟಿನಲ್ಲಿ ಅವರಿಗೆ ಹಾರ್ಟ್ ಅಟ್ಯಾಕ್ ಆಯಿತು. ಬದುಕಿ ಮನೆಗೆ ಬಂದರು, ಆದರೆ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಉಳಿದ ಭಾಗದ ಮೇಲೆ ಭಾರ ಬೀಳಬಾರದು, ಮೈಯಲ್ಲಿ ನೀರು ನಿಲ್ಲಬಾರದು, ನಿಂತರೆ ಶ್ವಾಸಕೋಶಕ್ಕೆ ತುಂಬಿಕೊಳ್ಳುತ್ತದೆ ಎಂದು ಡಾಕ್ಟರು ಹೇಳಿದರು. ಡಾಕ್ಟರು ಧಾರವಾಡದ ಕಡೆಯವರು, ನಮ್ಮ ಊಟ ಗೊತ್ತಿದ್ದವರು. ಅದೇ ನಮ್ಮ ಪುಣ್ಯ ಎಂದು ಆಗ ಎಲ್ಲರೂ ಅಂದುಕೊಂಡೆವು.

"ಅಕ್ಕಾರ, ಉಪ್ಪು ಅಂದ್ರ ಇವರಿಗೆ ಇನ್ನ ಮ್ಯಾಲೆ ವಿಷ ಅಂತ ತಿಳ್ಕೋರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗಿ, ಚಟ್ನಿಪುಡಿ, ಎಲ್ಲಾ ಬಂದ್. ಬಾಯಿಗೆ ರುಚಿ ಬೇಕಂದ್ರ ಲಿಂಬಿಹಣ್ಣು ಹಿಂಡ್ರಿ."

ಅಮ್ಮ ಆ ಮಾತನ್ನು ಮಂತ್ರದಂತೆ ಪಾಲಿಸಿದಳು. ಅವತ್ತು ಸಂಜೆಯೇ ಉಪ್ಪಿನಕಾಯಿಯ ಜಾಡಿಗಳು ಕೆಳಗಿನ ಮನೆಯವರಿಗೆ ಹೋದವು, ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸಿನಿಂದ ತಂದಿದ್ದ ಹಪ್ಪಳದ ಕಟ್ಟು ಕಸಕ್ಕೆ ಹೋಯಿತು. ಅಪ್ಪನ ಸಾರಿಗೆ, ಪಲ್ಯಕ್ಕೆ ಬೇರೆ ಪಾತ್ರೆ, ಬೇರೆ ಸೌಟು ಬಂತು. ನನಗೆ ಬೇರೆಯಾಗಿ ಉಪ್ಪು ಹಾಕಿ ಮಾಡುತ್ತಿದ್ದಳು. ತನಗೆ ಮಾತ್ರ ಏನೂ ಹೇಳದೆ ಅಪ್ಪನ ಪಥ್ಯವನ್ನೇ ಹಾಕಿಕೊಂಡಳು. ಬೇಯಿಸಿದ ಬೇಳೆ, ಬೇಯಿಸಿದ ತರಕಾರಿ, ಬರೀ ಅನ್ನ, ನೀರು ಮಜ್ಜಿಗೆ. ಗಂಡನಿಗಿಲ್ಲದ ಉಪ್ಪು ತನಗೂ ಬೇಡ ಎಂದು ಅವಳು ದೇವರ ಮುಂದೆ ಹೇಳಿಕೊಂಡಿದ್ದಳಂತೆ, ಅವರು ಮತ್ತೆ ಕೆಲಸಕ್ಕೆ ಹೋಗುವ ತನಕ. ಅದು ಭಕ್ತಿಯೂ ಹೌದು, ಲೆಕ್ಕಾಚಾರವೂ ಹೌದು. ನಾವು ಆ ದೇಶದಲ್ಲಿ ಇದ್ದದ್ದು ಅಪ್ಪನ ಕೆಲಸದ ವೀಸಾದ ಮೇಲೆ. ಅಪ್ಪ ಎದ್ದು ಆಫೀಸಿಗೆ ಹೋಗದಿದ್ದರೆ ನಾವು ಮೂವರೂ ಪೆಟ್ಟಿಗೆ ಕಟ್ಟಬೇಕಿತ್ತು, ಹಾಗೆ ಹೊರಟರೆ ಅಪ್ಪನ ಔಷಧಿ, ಡಾಕ್ಟರು, ಇನ್ಶೂರೆನ್ಸ್ ಎಲ್ಲವೂ ಕೈಬಿಟ್ಟಂತೆ. ಅಮ್ಮನ ವ್ರತದ ವಿಷಯ ತಿಳಿದ ದಿನ ಅಪ್ಪ ಅವಳ ಮೇಲೆ ರೇಗಿದ್ದು ನನಗೆ ಚೆನ್ನಾಗಿ ನೆನಪಿದೆ.

"ನಿಂಗೇನಾಗಿದೆ ಲಲಿತಾ? ನೀನು ಉಪ್ಪು ಬಿಟ್ರೆ ನನ್ನ ಹಾರ್ಟ್ ಸರಿಹೋಗತ್ತಾ?"

"ನಿಮ್ಮೆದುರಿಗೆ ಕೂತ್ಕೊಂಡು ನಾನು ಉಪ್ಪು ಹುಳಿ ಖಾರ ಹಾಕ್ಕೊಂಡು ಚಪ್ಪರಿಸಲಾ?"

"ಚಪ್ಪರಿಸು. ನೋಡಿಯಾದ್ರೂ ಖುಷಿಪಡ್ತೀನಿ."

ಅಮ್ಮ ಕೇಳಲಿಲ್ಲ. ಅಪ್ಪನಿಗೆ ಊಟವೇ ಬೇಡವಾಗತೊಡಗಿತು. ತಟ್ಟೆಯ ಮುಂದೆ ಕೂತು ಎರಡು ತುತ್ತು ತಿಂದು, ಉಳಿದದ್ದನ್ನು ಬೆರಳಿನಿಂದ ತಟ್ಟೆಯ ಅಂಚಿಗೆ ಹಚ್ಚಿ ಏಳುತ್ತಿದ್ದರು. ಮುಖದ ಮೂಳೆಗಳು ಎದ್ದವು. ಅಂಗಡಿಯ ನಿಂಬೆಹಣ್ಣನ್ನು ಎಷ್ಟು ಹಿಂಡಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತಿತ್ತು, ಹುಳಿ ಹುಳಿಯಾಗಿಯೇ ಉಳಿಯುತ್ತಿತ್ತು, ಎರಡಕ್ಕೂ ಪರಿಚಯವೇ ಆಗುತ್ತಿರಲಿಲ್ಲ. ನಮ್ಮ ಎದುರು ಮನೆಯ ಮಿಚಿಕೋ ಆಂಟಿ ನಮ್ಮ ಬಾಗಿಲಿಗೆ ಬಂದದ್ದು ಆಗಲೇ. ಜಪಾನಿನವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದುಕೊಂಡಿದ್ದ ಸಣ್ಣ ಹೆಂಗಸು. ಆಂಬುಲೆನ್ಸಿನಿಂದ ಅಪ್ಪನನ್ನು ಮೆಟ್ಟಿಲು ಹತ್ತಿಸಿ ಕರೆತಂದದ್ದನ್ನು ಕಿಟಕಿಯಿಂದ ನೋಡಿದ್ದರಂತೆ. ಎರಡೂ ಕೈಯಲ್ಲಿ ಒಂದು ಉದ್ದ ಕುತ್ತಿಗೆಯ ಗಾಜಿನ ಬಾಟಲಿ ಹಿಡಿದು ಬಗ್ಗಿ ನಮಸ್ಕರಿಸಿದರು. ಒಳಗಿದ್ದದ್ದು ಕಂದು ಬಣ್ಣದ ನೀರು. ಮುಚ್ಚಳ ತೆಗೆದಾಗ ಕಿತ್ತಳೆ ಸಿಪ್ಪೆಯನ್ನು ಚಿವುಟಿದಂಥ ಘಮ ಹಾಲಿನ ತುಂಬ ಹರಡಿತು. ಕುರ್ಚಿಯಲ್ಲಿ ಕಣ್ಣುಮುಚ್ಚಿ ಒರಗಿದ್ದ ಅಪ್ಪ ಕಣ್ಣು ತೆರೆದರು.

"ಪೊನ್ಜು. ಐ ಮೇಕ್. ಯುಜು, ಜಪಾನೀಸ್ ಲೆಮನ್. ಗುಡ್ ಫಾರ್ ಸಿಕ್ ಮ್ಯಾನ್, ನೋ ಅಪೆಟೈಟ್."

"ಫಿಶ್?" ಎಂದು ಕೇಳಿದಳು ಅಮ್ಮ.

"ನೋ, ನೋ. ಆಲ್ವೇಸ್ ಪುಟ್ ಫಿಶ್. ಬಟ್ ಐ ನೋ, ಯು ವೆಜಿಟೇರಿಯನ್. ಫಾರ್ ಯು, ಮಶ್ರೂಮ್."

"ಎಗ್? ಮೀಟ್? ವೈನ್?"

ಮಿಚಿಕೋ ಆಂಟಿ ಒಂದೊಂದಕ್ಕೂ ತಲೆ ಅಲ್ಲಾಡಿಸಿ ಇಲ್ಲವೆಂದರು. ಇನ್ನೇನು ಕೇಳಬೇಕೆಂದು ಅಮ್ಮ ನನ್ನ ಮುಖ ನೋಡಿದಳು. ನಮ್ಮಂಥ ಮನೆಯವರು ಪರರ ಪದಾರ್ಥದ ಬಗ್ಗೆ ಕೇಳುವ ಪ್ರಶ್ನೆಗಳೆಲ್ಲ ಅಲ್ಲಿಗೆ ಮುಗಿದಿದ್ದವು. ಅಣಬೆಯ ವಿಷಯಕ್ಕೆ ಸ್ವಲ್ಪ ಹಿಂಜರಿದು, ಅದೂ ಗಿಡವೇ ತಾನೇ ಎಂದು ಬಾಟಲಿ ತೆಗೆದುಕೊಂಡಳು. ಅದರಲ್ಲಿ ಏನಿಲ್ಲ ಎಂಬುದನ್ನೆಲ್ಲ ಖಚಿತ ಮಾಡಿಕೊಂಡಳು, ಏನಿದೆ ಎಂದು ಕೇಳಲಿಲ್ಲ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ಮಾತ್ರ ಗೊತ್ತಾಗುವುದಿಲ್ಲ.

ಕೆಲವು ದಿನಗಳ ಮೇಲೆ ಅವರ ಮನೆಯಲ್ಲಿ ಅದನ್ನು ಮಾಡುವುದನ್ನೂ ನಾವಿಬ್ಬರೂ ಕೂತು ನೋಡಿದೆವು. ಕ್ಯಾಲಿಫೋರ್ನಿಯಾದಲ್ಲಿದ್ದ ನೆಂಟರೊಬ್ಬರು ಪೆಟ್ಟಿಗೆ ತುಂಬ ಯುಜು ಕಳಿಸಿದ್ದರು. ಗಜನಿಂಬೆಯ ಮರಿಯಂಥ, ತೊಗಲು ಸುಕ್ಕುಗಟ್ಟಿದ ಹಳದಿ ಹಣ್ಣು, ಒಳಗೆ ತಿರುಳಿಗಿಂತ ಬೀಜವೇ ಹೆಚ್ಚು. ಹಿಂಡಿದ ರಸವನ್ನು ಬಟ್ಟೆಯಲ್ಲಿ ಸೋಸಿ, ಅದಕ್ಕೆ ತವರೂರಿನಿಂದ ತರಿಸಿದ ತಗಡಿನ ಡಬ್ಬಿಯ ಕಪ್ಪು ರಸ ಸುರಿದು, ಒಣಗಿದ ಕಡಲ ಸೊಪ್ಪಿನ ತುಂಡು, ಒಣ ಅಣಬೆ ಹಾಕಿ ಗಾಜಿನ ಜಾಡಿಯಲ್ಲಿ ಫ್ರಿಜ್ಜಿನ ಹಿಂಭಾಗಕ್ಕೆ ತಳ್ಳಿದರು. ಕಾಯಬೇಕು, ಹೊಸತರಲ್ಲಿ ಹುಳಿ ಚುಚ್ಚುತ್ತದೆ, ತಿಂಗಳು ಕಳೆದರೆ ದುಂಡಗಾಗುತ್ತದೆ ಎಂದು ಕೈಯಿಂದ ದುಂಡಗೆ ತೋರಿಸಿದರು. ಆ ಕಪ್ಪು ರಸದ ಕಥೆಗೆ ಒಂದು ಫೋಟೋ ಇತ್ತು. ಆಳೆತ್ತರದ ಮರದ ಬಾನಿಗಳು, ಅವುಗಳ ಮೇಲೆ ಹಲಗೆಯ ಮೇಲೆ ನಿಂತು ಉದ್ದ ಕೋಲಿನಿಂದ ಕಲಕುತ್ತಿರುವ ಅವರ ತಂದೆ. ಬೇಯಿಸಿದ ಸೋಯಾ ಕಾಳು, ಹುರಿದ ಗೋಧಿ, ಅದರ ಮೇಲೆ ಬೂಷ್ಟು ಬೆಳೆಸಿ ಬಾನಿಗೆ ಹಾಕಿ ಎರಡು ಬೇಸಿಗೆ ಬಿಡುವುದು. "ಬೀನ್, ವೀಟ್, ವೇಟ್, ವೇಟ್" ಎಂದು ನಕ್ಕರು ಆಂಟಿ. ಬಾನಿಯೊಳಗೆ ಕಾಳನ್ನು ಮುಳುಗಿಸಿದ ನೀರು ಎಂಥದು ಎಂದು ಅವರು ಹೇಳಲಿಲ್ಲ. ಜಗತ್ತಿಗೆಲ್ಲ ಗೊತ್ತಿರುವುದನ್ನು ಯಾರು ಯಾಕೆ ಹೇಳುತ್ತಾರೆ. ಅಮ್ಮ ಹೊಟೇಲಿನ ಗೋಬಿ ಮಂಚೂರಿಯನ್ನನ್ನು ದೂರದಿಂದ ಕಂಡವಳೇ ಹೊರತು ಬಾಯಿಗಿಟ್ಟವಳಲ್ಲ, ಅದಕ್ಕೆ ಬೀಳುವ ಕಪ್ಪು ಸಾಸಿನ ರುಚಿ ಅವಳಿಗೆ ಗೊತ್ತಿರಲಿಲ್ಲ. ಬರುವಾಗ ಮೆಟ್ಟಿಲ ಮೇಲೆ ಅವಳು ಹೇಳಿದ್ದು ಇಷ್ಟು.

"ನಮ್ಮ ಆಯುರ್ವೇದದ ಅರಿಷ್ಟ ಇದ್ದ ಹಾಗೇ ಕಣೇ ಇದು. ಕಾಳು, ಹಣ್ಣು, ಬೇರು ಹಾಕಿ ವರ್ಷಗಟ್ಟಲೆ ಇಡ್ತಾರಲ್ಲ, ಹಾಗೆ."

ಅರಿಷ್ಟವೆಂದರೆ ಔಷಧಿ, ಔಷಧಿಯೆಂದರೆ ಅಪ್ಪನಿಗೆ. ಹಾಗಾಗಿ ಬಾಟಲಿ ಅವರ ಪಾಲಿಗೇ ಮೀಸಲಾಯಿತು. ಮೊದಲು ಅವರ ಸಾರಿಗೆ ಒಂದು ಚಮಚ ಬಿತ್ತು. ಅಮ್ಮ ಬಗ್ಗಿ ಮೂಸಿದಳು, ಮೂಗಿಗೆ ಸಿಕ್ಕಿದ್ದು ಹಣ್ಣಿನ ಘಮ ಮಾತ್ರ, ಇನ್ನೊಂದು ಚಮಚ ಹಾಕಿದಳು. ತಟ್ಟೆಗೆ ಬಡಿಸಿ, ಎಂದಿನಂತೆ ಬೇಡವೆನ್ನುವ ಮಾತಿಗೆ ಕಾಯುತ್ತಾ ಕಟ್ಟೆಗೆ ಒರಗಿ ನಿಂತಳು. ಅಪ್ಪ ಒಂದು ತುತ್ತು ಬಾಯಿಗಿಟ್ಟುಕೊಂಡು ಅಗಿಯುವುದನ್ನು ನಿಲ್ಲಿಸಿದರು. ಕಣ್ಣು ಮುಚ್ಚಿದರು. ಆಮೇಲೆ ಕಣ್ಣು ತೆರೆದು ಅಮ್ಮನನ್ನು ನೋಡಿದರು, ಬಹಳ ಹೊತ್ತು ನೋಡಿದರು. ಅಮ್ಮ ನಾಚಿದವಳಂತೆ ಮುಖ ಕೆಳಗೆ ಹಾಕಿದಳು.

"ಇವತ್ತು ಸಾರು ಚೆನ್ನಾಗಿದೆ."

"ಇನ್ನೊಂದು ಸೌಟು ಹಾಕ್ಲಾ?"

"ಹಾಕು."

ಅವತ್ತಿನಿಂದ ನಮ್ಮ ಮನೆಯಲ್ಲಿ ಮತ್ತೆ ಊಟದ ಸದ್ದು ಕೇಳಿಸಿತು. ಮಿಚಿಕೋ ಆಂಟಿ ಹೇಳಿಕೊಟ್ಟದ್ದನ್ನೆಲ್ಲ ಅಮ್ಮ ನಮ್ಮ ಅಡುಗೆಗೆ ತಿರುಗಿಸಿಕೊಂಡಳು. ಅವರು ಪನೀರಿನಂಥ ತಣ್ಣಗಿನ ತೋಫುವಿನ ಮೇಲೆ ಹನಿಸುತ್ತಿದ್ದರು, ಇವಳು ಹೆಸರುಬೇಳೆ ಕೋಸಂಬರಿಗೆ ಸುರಿದಳು. ಅವರು ಸುಟ್ಟ ಬದನೆಯನ್ನು ಸೀಳಿ ಅದರಲ್ಲಿ ಅದ್ದುತ್ತಿದ್ದರು, ಇವಳು ಬದನೆಕಾಯಿ ಗೊಜ್ಜಿಗೆ ಬೆರೆಸಿದಳು. ಚಳಿಗಾಲದಲ್ಲಿ ಅವರು ಎಲೆಕೋಸು, ಮೂಲಂಗಿಯನ್ನು ನೀರಲ್ಲಿ ಬೇಯಿಸಿ ಒಂದೊಂದೇ ತುಂಡನ್ನು ಪುಟ್ಟ ಬಟ್ಟಲಿನ ಪೊನ್ಜುವಿಗೆ ಮುಟ್ಟಿಸಿ ತಿನ್ನುತ್ತಿದ್ದರು. ಮುಟ್ಟಿಸುವುದು, ಅದ್ದುವುದು, ಹನಿಸುವುದು ನಮ್ಮ ಪದ್ಧತಿಯಲ್ಲವಲ್ಲ. ನಮ್ಮಲ್ಲಿ ಕಲಸುತ್ತಾರೆ. ಅಪ್ಪನ ಚಿತ್ರಾನ್ನ ಅರಿಸಿನದ ಬಣ್ಣ ಬಿಟ್ಟು ಕಂದಾಯಿತು. ನಾನೊಮ್ಮೆ ಅದನ್ನು ನೋಡಿ ನನಗೂ ಬೇಕೆಂದೆ.

"ಕ್ಯಾನ್ ಐ ಟ್ರೈ?"

"ನಿಂಗೆ ನಿನ್ನದೇ ಇದೆಯಲ್ಲ ಪುಟ್ಟಿ," ಎಂದು ಅಪ್ಪ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇದು ಪಥ್ಯದ್ದು. ಇದನ್ನ ನೀನು ತಿನ್ನಬಾರದು."

ಬಾಟಲಿ ಖಾಲಿಯಾದಾಗ ಅಮ್ಮ ಅದನ್ನು ಹಾಗೇ ಹಿಂದಿರುಗಿಸಲಾರಳು. ಬರಿದಾದ ಪಾತ್ರೆ ಕೊಡುವುದು ನಮ್ಮಲ್ಲಿ ಅಶುಭ, ಹಾಗಾಗಿ ಜೊತೆಗೆ ಕೊಬ್ಬರಿ ಮಿಠಾಯಿಯೋ ಚಕ್ಕುಲಿಯೋ ಹೋಗುತ್ತಿತ್ತು. ತಿಂಡಿ ತೆಗೆದುಕೊಂಡ ಮಿಚಿಕೋ ಆಂಟಿ ಸುಮ್ಮನಿರಲಾರರು, ಅವರ ಕಡೆಯೂ ಕೊಟ್ಟಿದ್ದಕ್ಕೆ ಕೊಡದೆ ಇರುವಂತಿಲ್ಲ. ಮರುದಿನವೇ ತುಂಬಿದ ಬಾಟಲಿ ನಮ್ಮ ಬಾಗಿಲಲ್ಲಿರುತ್ತಿತ್ತು. ತಮ್ಮ ಪೊನ್ಜು ಇಷ್ಟು ಬೇಗ ಮುಗಿಯುತ್ತಿದೆಯೆಂದರೆ ಮನೆಮಂದಿಯೆಲ್ಲ ಮೆಚ್ಚಿ ತಿನ್ನುತ್ತಿದ್ದಾರೆ ಎಂದುಕೊಂಡು ಅವರಿಗೆ ಸಂತೋಷ. ಬಾಟಲಿಯ ಓಡಾಟ ಬರಬರುತ್ತ ಚುರುಕಾಯಿತು. ಎರಡೂ ಬಾಗಿಲುಗಳ ನಡುವೆ ಇದ್ದದ್ದು ಒಂದು ಸಣ್ಣ ಜಗಲಿ. ಹಿಮ ಬಿದ್ದ ದಿನಗಳಲ್ಲೂ ಅದರ ಮೇಲೆ ಇಬ್ಬರು ಹೆಂಗಸರ ಹೆಜ್ಜೆಯ ಗುರುತು ಇರುತ್ತಿತ್ತು.

ಅಪ್ಪನ ಮುಖ ತುಂಬಿಕೊಂಡಿತು. ಅಮ್ಮ ಅದನ್ನು ಊಟ ಮೈಗೆ ಹತ್ತಿದ್ದು ಎಂದು ತಿಳಿದಳು. ಆಮೇಲೆ ಉಂಗುರ ಬೆರಳಿನಲ್ಲಿ ಸಿಕ್ಕಿಕೊಂಡಿತು, ಸೋಪು ಹಚ್ಚಿ ತಿರುಗಿಸಿದರೂ ಬರಲಿಲ್ಲ. ಹಾಸಿಗೆಯಲ್ಲಿ ಮಲಗಲಾಗದೆ ದಿಂಬಿನ ಮೇಲೆ ದಿಂಬಿಟ್ಟುಕೊಂಡರು, ಕೊನೆಗೆ ಒರಗು ಕುರ್ಚಿಯಲ್ಲೇ ಮಲಗತೊಡಗಿದರು. ನಾನು ಸ್ಕೂಲ್ ಬಸ್ಸಿಗೆಂದು ಎದ್ದಾಗ ಅವರು ಕಿಟಕಿಯ ಕಡೆ ಮುಖ ಮಾಡಿ, ಬಾಯಿ ತೆರೆದು, ಉಸಿರನ್ನು ಮೆಲ್ಲಗೆ ಎಳೆದುಕೊಳ್ಳುತ್ತಿರುತ್ತಿದ್ದರು. ಅಮ್ಮ ದಿನಾ ಬೆಳಿಗ್ಗೆ ಅವರ ಮೊಣಕಾಲಿನ ಕೆಳಗೆ ಹೆಬ್ಬೆರಳು ಒತ್ತಿ ನೋಡುತ್ತಿದ್ದಳು. ಒತ್ತಿದ ಕಡೆ ಗುಳಿ ಬೀಳುತ್ತಿತ್ತು, ಬೆರಳು ತೆಗೆದ ಮೇಲೂ ಗುಳಿ ಹಾಗೇ ಇರುತ್ತಿತ್ತು. ನಾನು ಹಾಲು ಕುಡಿಯುತ್ತಾ ಅದು ತುಂಬಿಕೊಳ್ಳಲಿ ಎಂದು ಕಾಯುತ್ತಿದ್ದೆ, ಬಸ್ಸು ಬಂದುಬಿಡುತ್ತಿತ್ತು. ಇಡೀ ದಿನ ಕ್ಲಾಸಿನಲ್ಲಿ ಕೂತು ನನ್ನ ಕಾಲನ್ನೇ ಒತ್ತಿ ನೋಡಿಕೊಳ್ಳುತ್ತಿದ್ದೆ. ಮನೆಗೆ ಹೋದಾಗ ಕುರ್ಚಿ ಖಾಲಿಯಿರುತ್ತದೆ ಎಂಬ ಹೆದರಿಕೆ ಆಗ ನನ್ನೊಳಗೆ ಹೊಕ್ಕಿತು, ಇವತ್ತಿಗೂ ಹೋಗಿಲ್ಲ.

ಡಾಕ್ಟರು ಮೈಯ ನೀರು ಇಳಿಸುವ ಮಾತ್ರೆ ಹೆಚ್ಚಿಸಿದರು. ಊತ ಇಳಿಯಲಿಲ್ಲ. ಮತ್ತೆ ಹೋದಾಗ ಅವರ ದನಿ ಬದಲಾಗಿತ್ತು.

"ಖರೇ ಹೇಳ್ರಿ ಅಕ್ಕಾರ. ಉಪ್ಪು ಎಲ್ಲಿಂದೋ ಹೊಟ್ಟ್ಯಾಗ ಹೋಗ್ಲಿಕತ್ತದ. ಇಲ್ಲಾಂದ್ರ ಹಿಂಗ ಆಗೂದಿಲ್ಲ."

"ದೇವರಾಣೆಗೂ ಇಲ್ಲ ಡಾಕ್ಟ್ರೇ. ಒಂದು ಹರಳು ಮುಟ್ಟಿಸಿಲ್ಲ. ನಾನೂ ತಿಂತಿಲ್ಲ."

"ಹೊರಗ ತಿಂತಾರೇನು?"

"ಮೆಟ್ಟಿಲು ಇಳಿಯಕ್ಕೇ ಆಗಲ್ಲ, ಹೊರಗೆಲ್ಲಿ ತಿಂತಾರೆ?"

ಉಪ್ಪಿನಕಾಯಿ ಇಲ್ಲವೆಂದಳು, ಹಪ್ಪಳ ಇಲ್ಲವೆಂದಳು, ಚಟ್ನಿಪುಡಿ ಇಲ್ಲವೆಂದಳು. ಡಾಕ್ಟರಿಗೆ ನಮ್ಮ ಊಟ ಗೊತ್ತಿತ್ತು, ಅದಕ್ಕೇ ಅವರು ಬೇರೇನನ್ನೂ ಕೇಳಲಿಲ್ಲ. ಅಪ್ಪ ಗೋಡೆಗೆ ಅಂಟಿಸಿದ್ದ ಹೃದಯದ ಚಿತ್ರವನ್ನು ನೋಡುತ್ತಾ ಕೂತಿದ್ದರು. ವಾಪಸಾಗುವಾಗ ಕಾರಿನಲ್ಲಿ ಅಮ್ಮ ಅತ್ತಳು. ತನ್ನ ಮಾತನ್ನು ನಂಬಲಿಲ್ಲವಲ್ಲ ಎಂದು ಅತ್ತಳು, ಮನೆಗೆ ಬಂದು ಕೈಕಾಲು ತೊಳೆದು, ಅಪ್ಪನ ತೊವ್ವೆಗೆ ಪೊನ್ಜುವನ್ನು ಇನ್ನಷ್ಟು ಸುರಿದಳು. ಬೇರೆ ಯಾವ ಔಷಧಿಯೂ ನಾಟದಿದ್ದಾಗ ಅವರ ಬಾಯಿಗೆ ಹಿಡಿಸುವ ಔಷಧಿ ಅದೊಂದೇ ಆಗಿತ್ತು. ಅವರು ಸೊರಗಿದಷ್ಟೂ ಅವಳ ಕೈ ಧಾರಾಳವಾಯಿತು. ಆಫೀಸಿನವರು ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದರು, ಅಪ್ಪ ಉಸಿರು ಕಟ್ಟಿಕೊಂಡು ಒಂದೇ ಏಟಿಗೆ ಮುಂದಿನ ತಿಂಗಳು ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಹಾಗೆ ಮಾತಾಡಿ ಫೋನ್ ಇಟ್ಟವರು ಮತ್ತೆ ಉಸಿರು ಎಳೆದುಕೊಳ್ಳಲಾರದೆ ಹೋದರು. ತುಟಿ ನೀಲಿಯಾಯಿತು. ಅಮ್ಮ ಎಮರ್ಜೆನ್ಸಿಗೆ ಫೋನ್ ಮಾಡಿದಾಗ ಅವಳಿಗೆ ನಮ್ಮ ಅಪಾರ್ಟ್‌ಮೆಂಟ್ ನಂಬರೇ ಮರೆತುಹೋಗಿತ್ತು, ಮಿಚಿಕೋ ಆಂಟಿ ಓಡಿಬಂದು ಹೇಳಿದರು.

ಆಸ್ಪತ್ರೆಯಲ್ಲಿ ಮೈಯ ನೀರನ್ನೆಲ್ಲ ತೆಗೆದರು. ಆಸ್ಪತ್ರೆಯ ಸಪ್ಪೆ ಊಟ ತಿಂದು ಅಪ್ಪ ಚೇತರಿಸಿಕೊಂಡರು. ಚೇತರಿಸಿಕೊಂಡದ್ದು ಯಾಕೆಂದು ಅಮ್ಮ ಯೋಚಿಸಲಿಲ್ಲ, ಹರಕೆ ಫಲಿಸಿತು ಎಂದುಕೊಂಡಳು. ಮನೆಗೆ ಬಂದ ದಿನ ಅವರಿಗಿಷ್ಟವೆಂದು ಟೊಮೆಟೊ ಸಾರು ಮಾಡಿ, ಬಾಟಲಿಯ ತಳದಲ್ಲಿದ್ದುದನ್ನೆಲ್ಲ ಅದಕ್ಕೆ ಬಗ್ಗಿಸಿದಳು. ಆದರೆ ಅಪ್ಪನಿಗೆ ಸುಸ್ತು. ಅನ್ನ ಕಲಸಿ ಅರ್ಧ ತಿಂದು, ಬಟ್ಟಲಿನಲ್ಲಿದ್ದ ಸಾರನ್ನು ಹಾಗೇ ಬಿಟ್ಟರು. ಅಮ್ಮ ಚೆಲ್ಲುವವಳಲ್ಲ. ಅವರ ಊಟ ಆಗಿತ್ತು, ನೈವೇದ್ಯವೂ ಆಗಿತ್ತು, ಇನ್ನು ಮುಟ್ಟಬಾರದೆಂಬ ನಿಯಮವೇನಿರಲಿಲ್ಲ. ತನ್ನ ಸಪ್ಪೆ ಅನ್ನದ ಮೇಲೆ ಆ ಸಾರನ್ನು ಸುರಿದುಕೊಂಡು ಕಲಸಿ ಬಾಯಿಗಿಟ್ಟಳು.

ಅವಳ ನಾಲಿಗೆ ತಿಂಗಳುಗಟ್ಟಲೆ ಉಪ್ಪು ಕಂಡಿರಲಿಲ್ಲ. ಅವಳು ತುತ್ತನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕಣ್ಣಿನಲ್ಲಿ ನೀರು ಬಂತು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು, ಸಿಂಕಿಗೆ ಹೋಗಿ ಬಾಯಿ ಮುಕ್ಕಳಿಸಿ, ಮತ್ತೆ ಬಂದು ಬೆರಳ ತುದಿಯನ್ನು ಸಾರಿಗೆ ಅದ್ದಿ ನಾಲಿಗೆಗೆ ತಾಗಿಸಿದಳು. ಅಮ್ಮ ರುಚಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇದನ್ನ ನೀವು ದಿನಾ ತಿಂತಿದ್ರಾ?"

ಅಪ್ಪ ಕುರ್ಚಿಯಿಂದ ತಲೆ ಎತ್ತಲಿಲ್ಲ.

"ಉಪ್ಪೇ ಉಪ್ಪು ಇದೆಯಲ್ರೀ. ನಿಮಗೆ ಗೊತ್ತಾಗ್ತಿರಲಿಲ್ವಾ?"

"ನೀನೇ ಹಾಕ್ತಿದ್ಯಲ್ಲ ಲಲಿತಾ."

"ನಂಗೊತ್ತಿರಲಿಲ್ಲ."

"ಗೊತ್ತಿದ್ದೇ ಹಾಕ್ತಿದೀಯ ಅಂದ್ಕೊಂಡಿದ್ದೆ. ನನ್ನ ಬಾಯಿ ಕೆಟ್ಟೋಗಿದೆ ಅಂತ ಪಾಪ ಅನ್ನಿಸಿ, ಡಾಕ್ಟರಿಗೆ ಹೇಳದೆ ಹಾಕ್ತಿದೀಯ ಅಂತ. ಕೇಳಿದ್ರೆ ನಿಂಗೆ ಕಷ್ಟ ಆಗತ್ತೆ ಅಂತ ಸುಮ್ನಿದ್ದೆ."

ಮರುದಿನ ಬೆಳಿಗ್ಗೆ ಅಮ್ಮ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ನನ್ನನ್ನು ಕರೆದುಕೊಂಡು ಎದುರು ಮನೆಗೆ ಹೋದಳು. ಕೈಯಲ್ಲಿ ಮಿಠಾಯಿಯ ಡಬ್ಬಿ ಇರಲಿಲ್ಲ. ಬಾಗಿಲು ತೆರೆದ ಮಿಚಿಕೋ ಆಂಟಿಗೆ ಅವಳು ಕೇಳಿದ್ದು ಒಂದೇ ಪದ, ಸಾಲ್ಟ್. ಆಂಟಿ ನಗುತ್ತಲೇ, ಹೌದು, ಸೋಯಾ ಸಾಸಿನಲ್ಲಿ ಬಹಳ ಉಪ್ಪು, ಇಲ್ಲದಿದ್ದರೆ ಕೊಳೆತುಹೋಗುತ್ತದೆ, ಅದಕ್ಕೇ ಸ್ವಲ್ಪವೇ ಸ್ವಲ್ಪ ಮುಟ್ಟಿಸಿ ತಿನ್ನುವುದು ಎಂದರು. ಎರಡು ಬೇಸಿಗೆ ಬಾನಿಯಲ್ಲಿ ಕಾಳು ಮಲಗುವುದು ಉಪ್ಪುನೀರಿನಲ್ಲಿ. ನಾನು ಇಂಗ್ಲಿಷಿನಲ್ಲಿ ವಿಷಯ ಹೇಳಿದೆ. ಅವರ ನಗು ನಿಂತಿತು. ಬಾಗಿದರು, ಮತ್ತೆ ಬಾಗಿದರು, ಹಾಗೇ ಹೊಸ್ತಿಲ ಮೇಲೆ ಕುಸಿದು ಕೂತರು. ಅಮ್ಮ ಅವರ ಪಕ್ಕ ಕೂತು ಬೆನ್ನು ಸವರಿದಳು. ತಪ್ಪು ನಿಮ್ಮದಲ್ಲ ಎಂದು ಕನ್ನಡದಲ್ಲೇ ಹೇಳುತ್ತಿದ್ದಳು, ಅವರು ಜಪಾನಿಯಲ್ಲಿ ಏನೋ ಹೇಳುತ್ತಿದ್ದರು. ಆಮೇಲೆ ಆ ಜಗಲಿಯ ಮೇಲೆ ಬಾಟಲಿ ಓಡಾಡಲಿಲ್ಲ, ಇಬ್ಬರೂ ಎದುರಾದರೆ ಹವಾಮಾನದ ಮಾತಾಡಿ ಒಳಗೆ ಹೋಗುತ್ತಿದ್ದರು.

ಈಗ ನಾನು ನ್ಯೂಯಾರ್ಕಿನ ಬೆಲ್‌ರೋಸಿನಲ್ಲಿದ್ದೇನೆ, ಅಮ್ಮ ನನ್ನ ಜೊತೆಗಿದ್ದಾಳೆ. ಅಪ್ಪ ಆ ಚಳಿಗಾಲದ ಮೇಲೂ ಬದುಕಿದರು, ನಾನು ಕಾಲೇಜು ಮುಗಿಸುವ ತನಕ. ಆಫೀಸಿಗೂ ಹೋದರು. ನಿಜವಾದ ಸಪ್ಪೆ ಊಟವನ್ನು ಒಂದು ಮಾತಾಡದೆ ಉಂಡರು. ನಾನು ಚಳಿಗಾಲದಲ್ಲಿ ಯುಜು ಸಿಕ್ಕರೆ ಪೊನ್ಜು ಮಾಡುತ್ತೇನೆ, ಅಳತೆ ಮಾಡಿ ಮಾಡುತ್ತೇನೆ, ಮಾಡುತ್ತಲೇ ರುಚಿ ನೋಡುತ್ತೇನೆ. ಸುಟ್ಟ ಅಣಬೆಯ ಮೇಲೆ ನಾಲ್ಕು ಹನಿ ಹಾಕಿದರೆ ಅದಕ್ಕಿಂತ ಒಳ್ಳೆಯ ರುಚಿ ನನಗೆ ಗೊತ್ತಿಲ್ಲ, ಅಪ್ಪ ಕಣ್ಣು ಮುಚ್ಚಿದ್ದು ಯಾಕೆಂದು ತಿಳಿಯುತ್ತದೆ. ಅಮ್ಮ ಗೊತ್ತಿದ್ದೇ ಉಪ್ಪು ಹಾಕುತ್ತಿದ್ದಾಳೆ ಎಂದು ಅವರು ನಿಜವಾಗಿ ನಂಬಿದ್ದರೇ? ಮೊದಲ ದಿನ ಅಮ್ಮನನ್ನು ಅಷ್ಟು ಹೊತ್ತು ನೋಡಿದ್ದನ್ನು ನೆನೆದರೆ ನಂಬಿದ್ದರು ಅನ್ನಿಸುತ್ತದೆ. ತಟ್ಟೆಯನ್ನು ನನ್ನಿಂದ ಎಳೆದುಕೊಂಡದ್ದನ್ನು ನೆನೆದರೆ ಇಲ್ಲ ಅನ್ನಿಸುತ್ತದೆ. ತನಗೋಸ್ಕರ ಉಪ್ಪು ಬಿಟ್ಟವಳು ತನಗೇ ಉಪ್ಪು ಬಡಿಸುತ್ತಾಳೆ ಎಂದು ಯಾರಾದರೂ ನಂಬುತ್ತಾರೆಯೇ? ಊಟದ ಮೇಜಿನಲ್ಲಿ ಯಾರಾದರೂ ಸುಮ್ಮನೆ ಚೆನ್ನಾಗಿದೆ ಎಂದರೆ ನನಗೆ ಆತಂಕವಾಗುತ್ತದೆ, ಇನ್ನೊಮ್ಮೆ ಕೇಳುತ್ತೇನೆ. ಇಷ್ಟೆಲ್ಲ ತಿರುಗಿಸಿ ಮುರುಗಿಸಿ ಯೋಚಿಸುವುದಕ್ಕೆ ಕಾರಣ ಅಪ್ಪ ಆಸ್ಪತ್ರೆಯಿಂದ ಬಂದ ದಿನದ ಮಾತಲ್ಲ, ಅದಾದ ವಾರದಲ್ಲಿ ಡಾಕ್ಟರ ಕೋಣೆಯಲ್ಲಿ ನಡೆದದ್ದು.

ಅಪ್ಪ ಪೇಪರ್ ಹಾಸಿದ ಎತ್ತರದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ನಾನೂ ಅಮ್ಮನೂ ಗೋಡೆಯ ಪಕ್ಕದ ಕುರ್ಚಿಗಳಲ್ಲಿ. ಡಾಕ್ಟರು ಅವರ ಎದೆ, ಬೆನ್ನು, ಕಾಲು ನೋಡಿ, ನೀರು ಇಳಿದಿದೆ ಎಂದು ಹೇಳಿ, ಸ್ಟೂಲನ್ನು ಅಮ್ಮನ ಕಡೆ ತಿರುಗಿಸಿಕೊಂಡರು.

"ಈಗರೆ ಹೇಳ್ರಿ. ಏನೋ ಸಿಕ್ಕದ ಅಂದ್ರಲ್ಲ ಫೋನಿನ್ಯಾಗ. ಉಪ್ಪು ಎಲ್ಲಿಂದ ಬಂತು?"

ಅಮ್ಮ ಅಪ್ಪನ ಮುಖ ನೋಡಿದಳು. ಅವರೇ ಹೇಳಲಿ ಎಂದು ಸ್ವಲ್ಪ ಹೊತ್ತು ಬಿಟ್ಟಳು. ಅಪ್ಪ ಮಂಚದ ಪೇಪರನ್ನು ಬೆರಳಿನಿಂದ ನೇರ ಮಾಡುತ್ತಿದ್ದರು.

"ನಾನೇ ಹಾಕ್ತಿದ್ದೆ ಡಾಕ್ಟ್ರೇ," ಎಂದಳು ಅಮ್ಮ. "ಸೋಯಾ ಸಾಸ್. ಗೊತ್ತಿದ್ದೇ ಹಾಕ್ತಿದ್ದೆ. ಅವರಿಗೆ ಊಟ ಸೇರ್ತಿರಲಿಲ್ಲ."

"ದ್ಯಾಟ್ಸ್ ನಾಟ್ ಟ್ರೂ," ಎಂದೆ ನಾನು. "ಶಿ ಡಿಡಂಟ್ ನೋ."

ಅಮ್ಮ ನನ್ನ ತೊಡೆಯ ಮೇಲೆ ಕೈಯಿಟ್ಟು ಒತ್ತಿದಳು. ಡಾಕ್ಟರು ಕನ್ನಡಕ ತೆಗೆದರು.

"ಓದಿದವ್ರು ಇದ್ದೀರಿ. ದೇವರಾಣಿ ಮಾಡಿ ಹೇಳಿದ್ರಿ ನನ್ನ ಮುಂದ. ಇನ್ನೊಂದ್ ಸ್ವಲ್ಪ ದಿನ ಹೋಗಿದ್ರ ಈ ಕೂಸಿನ ಅಪ್ಪನ್ನ ನೀವ ಕೈಯಾರೆ ಕಳಸ್ತಿದ್ರಿ." ಆಮೇಲೆ ಅಪ್ಪನ ಕಡೆ ತಿರುಗಿದರು. "ಹೌದೇನ್ರಿ? ಅಕ್ಕಾರು ಗೊತ್ತಿದ್ದ ಹಾಕಿದ್ರೇನು?"

ಅಮ್ಮನಿಗೆ ಗೊತ್ತಿರಲಿಲ್ಲವೆಂದು ಆ ಹೊತ್ತಿಗೆ ಅಪ್ಪನಿಗೆ ಗೊತ್ತಿತ್ತು. ಎದುರು ಮನೆಯ ಹೊಸ್ತಿಲ ಮೇಲೆ ನಡೆದದ್ದನ್ನು ನಾನೇ ಅವರಿಗೆ ಹೇಳಿದ್ದೆ.

"ಲಲಿತಾ ಹೇಳಿದ ಹಾಗೇ," ಎಂದರು ಅಪ್ಪ.

ಡಾಕ್ಟರು ಏನೇನೋ ಬರೆದುಕೊಟ್ಟರು. ಅಮ್ಮ ಎಲ್ಲದಕ್ಕೂ ಆಗಲಿ ಎಂದಳು. ಅಪ್ಪನಿಗೆ ಇನ್ನೂ ಬಗ್ಗಲಾಗುತ್ತಿರಲಿಲ್ಲ, ಆದ್ದರಿಂದ ಅವಳು ನೆಲದ ಮೇಲೆ ಕೂತು ಅವರ ಶೂಗಳನ್ನು ಒಂದೊಂದಾಗಿ ತೊಡಿಸಿ ಲೇಸು ಕಟ್ಟಿದಳು. ತಲೆ ಎತ್ತಲಿಲ್ಲ. ಕಟ್ಟಿ ಮುಗಿದಾಗ ಅಪ್ಪ ಮೆಲ್ಲಗೆ ಥ್ಯಾಂಕ್ಸ್ ಎಂದರು. ಅಪ್ಪ ಅಮ್ಮನಿಗೆ ಆ ಮಾತು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.